ಕಿಂಡಿಯಿಂದ ಕ್ಯಾಮೆರಾದವರೆಗೆ

ಉಡುಪಿಯ ಕಡೆಯವರಿಗೆ ಕಿಂಡಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಕನಕದಾಸರಿಗಾಗಿ ಗೋಡೆ ಬಿರುಕು ಬಿಟ್ಟಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂಬ ಐತಿಹ್ಯವನ್ನು ನಾವೆಲ್ಲ ಹಾಲು ಕುಡಿಯುವ ವಯಸ್ಸಿನಲ್ಲೇ ಕೇಳಿದವರು. ಮಠದ ಒಳಗೆ ಇವತ್ತಿಗೂ ದರ್ಶನ ಆಗುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದಲೇ. ಹಣೆಯನ್ನು ಬೆಳ್ಳಿಯ ಚೌಕಟ್ಟಿಗೆ ಒತ್ತಿ ಒಂದು ಕಣ್ಣು ಕಿರಿದು ಮಾಡಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಅಲ್ಲಿ ನಾವು ನೋಡುವುದು ಮಾತ್ರ ಅಲ್ಲ, ಒಳಗಿನವನೂ ನಮ್ಮನ್ನು ನೋಡುತ್ತಾನೆ ಎಂಬ ಭಾವನೆ. ಅದಕ್ಕೇ ದರ್ಶನ ಕೊಟ್ಟ ಎನ್ನುತ್ತೇವೆ, ದರ್ಶನ ತೆಗೆದುಕೊಂಡೆ ಎನ್ನುವುದಿಲ್ಲ.

ಇತ್ತೀಚೆಗೆ ಎಲ್ಲಿ ನೋಡಿದರೂ ಬೇರೆ ಬಗೆಯ ಕಿಂಡಿಗಳು. ಬಟ್ಟೆ ಅಂಗಡಿಯ ಮೂಲೆಯಲ್ಲಿ, ಬಸ್ ನಿಲ್ದಾಣದ ಕಂಬದಲ್ಲಿ, ಡಾಕ್ಟರರ ಶಾಪಿನ ಬಾಗಿಲಲ್ಲಿ, ನೆರೆಮನೆಯ ಪಾಗಾರದ ಮೇಲೆ, ಕೊನೆಗೆ ನಮ್ಮ ತರಗತಿಯ ಕರಿಹಲಗೆಯ ಎದುರಿಗೆ. ಕಪ್ಪು ಗುಳ್ಳೆಯಂಥ ಆ ಕಣ್ಣುಗಳನ್ನು ನಾವೀಗ ಗಮನಿಸುವುದೂ ಇಲ್ಲ. ಸಿಸಿ ಕ್ಯಾಮೆರಾ ಎನ್ನುತ್ತೇವೆ, ಮುಂದೆ ನಡೆಯುತ್ತೇವೆ. ಚರಿತ್ರೆ ಓದಿ, ಮೂವತ್ತು ವರ್ಷಕ್ಕೆ ಹತ್ತಿರ ಚರಿತ್ರೆಯನ್ನೇ ಪಾಠ ಮಾಡಿದ ನನಗೆ ಇವು ಎಲ್ಲಿಂದ ಬಂದವು, ಬರುವಾಗ ಏನು ತಂದವು, ಏನು ಕೊಂಡುಹೋದವು ಎಂದು ಬರೆದಿಡಬೇಕು ಅನ್ನಿಸಿದೆ. ರಾಜರ, ಯುದ್ಧಗಳ ಚರಿತ್ರೆಯಲ್ಲಿ ಹೆಂಗಸರಿಗೆ ಹೆಚ್ಚು ಪಾಲಿಲ್ಲ. ಈ ಚರಿತ್ರೆಯಲ್ಲಿ ಮಾತ್ರ ನಮ್ಮ ಪಾಲು ದೊಡ್ಡದೇ ಉಂಟು.

ಮೊದಲು ಯಾರೂ ಯಾರನ್ನೂ ನೋಡುತ್ತಿರಲಿಲ್ಲ ಎಂದೇನಲ್ಲ. ಹಳೆಯ ಮನೆಗಳ ಜಗಲಿಗೆ ಮರದ ದಳಿ ಇರುತ್ತಿತ್ತು. ಒಳಗೆ ಕೂತವರಿಗೆ ಅಂಗಳ, ಅಂಗಳದಾಚೆಯ ತಡಮೆ, ತಡಮೆಯಾಚೆಯ ಗದ್ದೆಯ ಹುಣಿ ಎಲ್ಲ ಕಾಣುತ್ತಿತ್ತು. ಯಾವ ಬಸ್ಸಿನಿಂದ ಯಾರು ಇಳಿದರು, ಯಾರ ಮಗಳ ಕೈಯಲ್ಲಿ ಯಾರ ಪುಸ್ತಕ, ಎಂಬುದು ಸಂಜೆ ದೀಪ ಹಚ್ಚುವುದರೊಳಗೆ ಊರಿಗೆಲ್ಲ ಗೊತ್ತು. ತೋಟದಿಂದ ತೆಂಗಿನಕಾಯಿ ಕಳವಾದರೆ ದೈವಕ್ಕೆ ಹೇಳಿಕೊಂಡರು ಎಂಬ ಸುದ್ದಿ ಹಬ್ಬಿದರೆ ಸಾಕು, ಮರುದಿನ ಬೆಳಿಗ್ಗೆ ಕಾಯಿಗಳು ಪಾಗಾರದ ಹತ್ತಿರ ಇರುತ್ತಿದ್ದವು ಎಂದು ಹಿರಿಯರು ಹೇಳುವುದುಂಟು. ಪೇಟೆಯಲ್ಲಿ ರಾತ್ರಿ ಗೂರ್ಖಾ ಸೀಟಿ ಊದುತ್ತ, ಕೋಲು ಕುಟ್ಟುತ್ತ ಹೋಗುತ್ತಿದ್ದ. ಕಳ್ಳನಿಗೂ ಅವನ ಸೀಟಿ ಕೇಳಿಸುತ್ತಿತ್ತಲ್ಲ ಎಂದು ನಾವು ಮಕ್ಕಳು ನಗುತ್ತಿದ್ದೆವು. ಆದರೆ ಆ ಸೀಟಿ ನಮ್ಮ ನಿದ್ದೆಗೆ ಬೇಕಾದ್ದಾಗಿತ್ತು. ಒಬ್ಬ ಎಚ್ಚರವಾಗಿದ್ದಾನೆ ಎಂದು ಗೊತ್ತಾದರೆ ಉಳಿದವರು ಮಲಗಬಹುದು.

ಈ ನೋಟಕ್ಕೆ ಮುಖ ಇತ್ತು. ದಳಿಯ ಹಿಂದಿನ ದೊಡ್ಡಮ್ಮನಿಗೆ ನಾವು ಕಂಡಂತೆ ನಮಗೂ ದೊಡ್ಡಮ್ಮ ಕಾಣುತ್ತಿದ್ದರು. ಕೋಪ ಬಂದರೆ ಮುಖ ತಿರುಗಿಸಬಹುದಿತ್ತು, ಬೇರೆ ದಾರಿ ಹಿಡಿಯಬಹುದಿತ್ತು. ಅವರು ನೋಡಿದ್ದನ್ನು ಒಂದಕ್ಕೆ ನಾಲ್ಕು ಮಾಡಿ ಹೇಳುತ್ತಿದ್ದರು, ನಿಜ. ಆ ಕಣ್ಣುಗಳಿಂದ ಎಷ್ಟೋ ಹುಡುಗಿಯರ ಓದು ನಿಂತದ್ದೂ ನಿಜ. ಹಾಗಾಗಿ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಆದರೆ ವಾರ ಕಳೆದರೆ ಅವರಿಗೆ ಮರೆಯುತ್ತಿತ್ತು. ಮರೆವು ಎಂಬುದೂ ಒಂದು ಉಪಕಾರ ಎಂದು ನಮಗೆ ಆಗ ಗೊತ್ತಿರಲಿಲ್ಲ.

ಮರೆಯದ ಕಣ್ಣು ಹುಟ್ಟಿದ್ದು ಯುದ್ಧದಲ್ಲಿ. 1942ರಲ್ಲಿ ಜರ್ಮನಿಯವರು ವಿ-2 ಎಂಬ ರಾಕೆಟ್ಟನ್ನು ಪರೀಕ್ಷಿಸುತ್ತಿದ್ದರು. ಅದು ಹಾರುವಾಗ ಹತ್ತಿರ ನಿಂತು ನೋಡಿದರೆ ಜೀವಕ್ಕೆ ಅಪಾಯ. ವಾಲ್ಟರ್ ಬ್ರುಖ್ ಎಂಬ ಇಂಜಿನಿಯರ್ ಅಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿ, ತಂತಿ ಎಳೆದು, ದೂರದ ಕೋಣೆಯ ಪರದೆಯ ಮೇಲೆ ನೋಡುವ ವ್ಯವಸ್ಥೆ ಮಾಡಿದ. ಟಿವಿಯಂತೆ ಎಲ್ಲರ ಮನೆಗೆ ಹೋಗದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತ್ರ ಹೋಗುವ ಚಿತ್ರ. ಅದಕ್ಕೇ ‘ಕ್ಲೋಸ್ಡ್ ಸರ್ಕ್ಯೂಟ್’ ಎಂಬ ಹೆಸರು. ಯಾವ ಕಳ್ಳನನ್ನೂ ಹಿಡಿಯಲು ಅದು ಹುಟ್ಟಲಿಲ್ಲ.

ಅದನ್ನು ಮನೆಗೆ ತಂದವಳು ಒಬ್ಬ ಹೆಂಗಸು. ಈ ಕತೆಯನ್ನು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯರೂ ತಲೆಯೆತ್ತುತ್ತಾರೆ. ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ವರ್ಣದ ನರ್ಸ್ ಇದ್ದಳು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವನು. ಇಬ್ಬರದೂ ಹೊತ್ತುಗೊತ್ತಿಲ್ಲದ ಕೆಲಸ, ಹಾಗಾಗಿ ಎಷ್ಟೋ ರಾತ್ರಿ ಅವಳೊಬ್ಬಳೇ ಮನೆಯಲ್ಲಿ. ಆಸುಪಾಸಿನಲ್ಲಿ ಕಳವು, ಹೊಡೆದಾಟ. ಪೊಲೀಸರನ್ನು ಕರೆದರೆ ಬರುವುದು ತಡ. ರಾತ್ರಿ ಬಾಗಿಲು ತಟ್ಟಿದರೆ ಯಾರೆಂದು ನೋಡಲು ಬಾಗಿಲ ಹತ್ತಿರ ಹೋಗಬೇಕು, ಹೋದರೆ ಭಯ. ಈ ಭಯ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಮೇರಿ ಬಾಗಿಲಲ್ಲಿ ನಾಲ್ಕು ಎತ್ತರಗಳಲ್ಲಿ ನಾಲ್ಕು ಕಿಂಡಿ ಮಾಡಿಸಿದಳು. ಉದ್ದದವರು ಬಂದರೂ ಗಿಡ್ಡದವರು ಬಂದರೂ ಕಾಣಬೇಕಲ್ಲ. ಹಿಂದಿನಿಂದ ಮೇಲೆ ಕೆಳಗೆ ಜಾರುವ ಒಂದು ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಒಂದು ಪರದೆ. ಹೊರಗಿನವರೊಡನೆ ಮಾತಾಡಲು ಮೈಕು, ಬೇಕಾದವರಾದರೆ ಅಲ್ಲಿಂದಲೇ ಬಾಗಿಲು ತೆರೆಯಲು ಒಂದು ಗುಂಡಿ, ಬೇಡದವರಾದರೆ ಸಹಾಯಕ್ಕೆ ಕರೆಯಲು ಇನ್ನೊಂದು. 1966ರಲ್ಲಿ ಗಂಡಹೆಂಡಿರು ಪೇಟೆಂಟಿಗೆ ಅರ್ಜಿ ಹಾಕಿದರು, 1969ರ ಡಿಸೆಂಬರ್ 2ರಂದು ಅದು ದೊರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೇರಿಯ ಮನೆಯಲ್ಲಿ ನೋಡುವವಳು ಮನೆಯ ಹೆಂಗಸು, ಕಾಣುವವನು ಹೊರಗಿನವನು. ಗುಂಡಿ ಅವಳ ಕೈಯಲ್ಲಿ. ಮುಂದಿನ ಐವತ್ತು ವರ್ಷಗಳಲ್ಲಿ ಆ ಗುಂಡಿ ಯಾರ್ಯಾರ ಕೈಗೆ ಹೋಯಿತು ಎಂಬುದೇ ಉಳಿದ ಚರಿತ್ರೆ.

ಅದು ಬೇಗ ಹೇಳಿ ಮುಗಿಯುವಂಥದ್ದು. ಅದೇ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸಿಸಿಡಿ ಎಂಬ ಸಣ್ಣ ಬಿಲ್ಲೆಯನ್ನು ಕಂಡುಹಿಡಿದರು. ಅದರಿಂದಾಗಿ ಕ್ಯಾಮೆರಾ ಕುಗ್ಗಿ ಅಂಗೈಯಲ್ಲಿ ಹಿಡಿಯುವಂತಾಯಿತು. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಹುಮಾನವೂ ಬಂತು. ವಿಡಿಯೊ ಕ್ಯಾಸೆಟ್ಟು ಬಂದ ಮೇಲೆ ನೋಡಿದ್ದನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ಮದುವೆ ಮನೆಯಲ್ಲಿ ಕ್ಯಾಸೆಟ್ಟು ತಿರುಗಿದ ಕಾಲದಲ್ಲೇ ದೊಡ್ಡ ಊರುಗಳ ಅಂಗಡಿಗಳಲ್ಲಿ ಅದೇ ಕ್ಯಾಸೆಟ್ಟು ಕಳ್ಳರಿಗಾಗಿ ತಿರುಗುತ್ತಿತ್ತು. 1996ರಲ್ಲಿ ಸ್ವೀಡನ್ನಿನ ಆ್ಯಕ್ಸಿಸ್ ಎಂಬ ಕಂಪೆನಿ ಕ್ಯಾಮೆರಾವನ್ನು ನೇರವಾಗಿ ಇಂಟರ್‌ನೆಟ್ಟಿಗೆ ಜೋಡಿಸಿತು. ಅಲ್ಲಿಗೆ ‘ಕ್ಲೋಸ್ಡ್’ ಎಂಬ ಮಾತು ಹೆಸರಿಗೆ ಮಾತ್ರ ಉಳಿಯಿತು. 2001ರಲ್ಲಿ ಆರಂಭವಾದ ಚೀನಾದ ಹಿಕ್‌ವಿಷನ್‌ನಂಥ ಕಂಪೆನಿಗಳು ಬೆಲೆಯನ್ನು ಎಷ್ಟು ಇಳಿಸಿದವೆಂದರೆ, ನಾಲ್ಕು ಕ್ಯಾಮೆರಾಗಳ ಒಂದು ಜೋಡಣೆ ಇವತ್ತು ಒಂದು ಪವನ್ ಚಿನ್ನಕ್ಕಿಂತ ಎಷ್ಟೋ ಅಗ್ಗ. ಈಗಿನವು ನೋಡಿ ಸುಮ್ಮನಿರುವುದಿಲ್ಲ. ಇದು ನಾಯಿ, ಇದು ಮನುಷ್ಯ, ಈ ಮುಖವನ್ನು ಹಿಂದೆ ಕಂಡಿದ್ದೇನೆ ಎಂದು ತಾವೇ ಗುರುತು ಹೇಳುತ್ತವೆ.

ನಮ್ಮ ಜಿಲ್ಲೆಗೆ ಇವು ಬಂದದ್ದು, ನನ್ನ ನೆನಪಿನಲ್ಲಿ, ಬ್ಯಾಂಕುಗಳ ಮೂಲಕ. ಅದು ಸಹಜವೇ. ಉಡುಪಿ ಬ್ಯಾಂಕುಗಳ ತವರುಮನೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಪಾಯ ಹಾಕಿದ್ದು ಇಲ್ಲಿ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಯವರು ಮುಂದೆ ಸಿಂಡಿಕೇಟ್ ಎಂದಾದ ಬ್ಯಾಂಕನ್ನು ಕಟ್ಟಿದ್ದೂ ಇಲ್ಲಿ. ಸಿಂಡಿಕೇಟಿನ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಮನೆಗೆ ಬಂದು ಹೆಂಗಸರ ಕೈಯಿಂದ ಚಿಲ್ಲರೆ ಹಣ ಒಯ್ಯುತ್ತಿದ್ದರು. ಅವರಿಗೆ ನಮ್ಮ ಮುಖ ಗೊತ್ತು, ನಮಗೆ ಅವರ ಮುಖ ಗೊತ್ತು. 2020ರ ಏಪ್ರಿಲ್ 1ರಂದು ಈ ಎರಡು ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹಣ ಕೊಡುವ ಗೂಡಿನಲ್ಲಿ ಈಗ ನಮ್ಮ ಮುಖ ನೋಡುವುದು ಯಂತ್ರ.

ಆ ಗೂಡಿನ ಮಾತು ಬಂದಾಗ 2013ನ್ನು ಹೇಳದೆ ಮುಂದೆ ಹೋಗಲಾಗದು. ಆ ವರ್ಷದ ಜೂನ್‌ನಲ್ಲಿ ಮಣಿಪಾಲದಲ್ಲಿ, ರಾತ್ರಿ ಗ್ರಂಥಾಲಯದಲ್ಲಿ ಓದಿ ಮರಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳನ್ನು ಆಟೋರಿಕ್ಷಾದಲ್ಲಿ ಅಪಹರಿಸಿ ಅತ್ಯಾಚಾರ ಮಾಡಿದರು. ನಮ್ಮ ಮನೆಯಂಗಳದಲ್ಲೇ ನಡೆದಂತೆ ಇಡೀ ಜಿಲ್ಲೆ ತತ್ತರಿಸಿತು. 2015ರಲ್ಲಿ ಉಡುಪಿಯ ನ್ಯಾಯಾಲಯ ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಂದರಲ್ಲಿ, ಬೆಳಗಿನ ಹೊತ್ತು ಹಣ ತೆಗೆಯಲು ಹೋದ ಮಹಿಳೆಯನ್ನು ಒಳಗೆ ಹಾಕಿಕೊಂಡು ಒಬ್ಬ ಮಚ್ಚಿನಿಂದ ಕಡಿದ. ಅದೆಲ್ಲವನ್ನೂ ಅಲ್ಲಿನ ಕ್ಯಾಮೆರಾ ಸ್ಪಷ್ಟವಾಗಿ ಹಿಡಿಯಿತು. ಟಿವಿಯಲ್ಲಿ ದಿನಕ್ಕೆ ಹತ್ತು ಸಲ ತೋರಿಸಿದರು. ಆರೋಪಿ ಸಿಕ್ಕಿದ್ದು 2017ರ ಫೆಬ್ರವರಿಯಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ, ಮೂರು ವರ್ಷ ದಾಟಿದ ಮೇಲೆ. ಕ್ಯಾಮೆರಾಕ್ಕೆ ಮುಖ ಕಂಡಿತ್ತು. ಆದರೆ ಆ ಹೊತ್ತಿನಲ್ಲಿ ಶಟರು ಎತ್ತಲು ಅಲ್ಲಿ ಒಂದು ಕೈ ಇರಲಿಲ್ಲ.

ಇಂಥ ಘಟನೆಗಳ ನಂತರ ಕ್ಯಾಮೆರಾ ಹಾಕಿ ಎಂಬ ಕೂಗು ಎದ್ದದ್ದು ಸಹಜ. ಕರ್ನಾಟಕ ಸರಕಾರ 2017ರಲ್ಲಿ ಸಾರ್ವಜನಿಕ ಸುರಕ್ಷತೆಗೆ ಒಂದು ಕಾಯ್ದೆಯನ್ನೇ ತಂದಿತು. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ, ಆಸ್ಪತ್ರೆ, ಶಾಲೆ, ದೇವಸ್ಥಾನಗಳಂಥ ಕಡೆ ಕ್ಯಾಮೆರಾ ಇರಬೇಕು, ಚಿತ್ರಗಳನ್ನು 30 ದಿನ ಇಟ್ಟಿರಬೇಕು ಎಂದಿತು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಹಣದಿಂದ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು.

ಇವುಗಳಿಂದ ಉಪಯೋಗ ಉಂಟೇ? ಹಲವು ದೇಶಗಳ ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಮಾಡಿ ವಿದ್ವಾಂಸರು 2019ರಲ್ಲಿ ಲೆಕ್ಕ ಹಾಕಿದಾಗ, ಕ್ಯಾಮೆರಾ ಇದ್ದ ಕಡೆ ಅಪರಾಧ ಸುಮಾರು ಶೇಕಡಾ 13ರಷ್ಟು ಇಳಿದದ್ದು ಕಂಡಿತು. ಹೆಚ್ಚು ಫಲ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಹೊಡೆತ ಬಡಿತದಂಥ ಹಿಂಸೆ ಇಳಿದದ್ದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಬೀದಿದೀಪಗಳ ಬಗ್ಗೆ 2022ರಲ್ಲಿ ಅದೇ ರೀತಿ ಲೆಕ್ಕ ಹಾಕಿದರು. ಅಲ್ಲೂ ಸುಮಾರು ಶೇಕಡಾ 14ರಷ್ಟು ಇಳಿಕೆ. ಅಂದರೆ ಒಂದು ಕಂಬಕ್ಕೆ ಬಲ್ಬು ಹಾಕಿದರೂ ಕ್ಯಾಮೆರಾ ಹಾಕಿದರೂ ಫಲ ಹೆಚ್ಚುಕಡಿಮೆ ಒಂದೇ. ಆದರೆ ಬಲ್ಬಿನ ಬೆಳಕಿನಲ್ಲಿ ನಮಗೂ ದಾರಿ ಕಾಣುತ್ತದೆ.

ನಾನು ಕಾಪುವಿನಲ್ಲಿ ಹುಟ್ಟಿದವಳು, ಆದ್ದರಿಂದ ಈ ಮಾತು ನನಗೆ ಬೇಗ ನಾಟುತ್ತದೆ. ನಮ್ಮ ಊರಿನ ದೀಪಸ್ತಂಭ 1901ರದು. ಸಮುದ್ರದಂಚಿನ ಬಂಡೆಯ ಮೇಲೆ ನಿಂತು ರಾತ್ರಿಯಿಡೀ ಕಣ್ಣು ಮಿಟುಕಿಸುತ್ತದೆ. ಅದು ಯಾರನ್ನೂ ನೋಡುವುದಿಲ್ಲ, ಯಾವ ದೋಣಿ ಎಷ್ಟು ಹೊತ್ತಿಗೆ ಹೋಯಿತೆಂದು ಬರೆದಿಡುವುದಿಲ್ಲ. ತಾನು ಎಲ್ಲಿದ್ದೇನೆ ಎಂದು ಹೇಳುತ್ತದೆ, ಅಷ್ಟೆ. ಮದುವೆಯಾಗಿ ನಾನು ಬಂದದ್ದು ಕಾರ್ಕಳಕ್ಕೆ. ಇಲ್ಲಿ ಬೆಟ್ಟದ ಮೇಲೆ ಗೊಮ್ಮಟ, 42 ಅಡಿ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಆರು ಶತಮಾನಗಳಿಂದ ಊರನ್ನು ನೋಡುತ್ತ ನಿಂತಿದ್ದಾನೆ. ಅವನ ಕಣ್ಣೆದುರು ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ಯಾವ ಹೆಂಗಸಿಗೂ ಸಂಕೋಚ ಆದದ್ದಿಲ್ಲ. ಬಿಟ್ಟು ನಿಂತವನ ನೋಟಕ್ಕೂ ಲೆಕ್ಕ ಇಡುವವನ ನೋಟಕ್ಕೂ ಇರುವ ಅಂತರ ಅದು.

ಲೆಕ್ಕ ಇಡುವ ನೋಟ ನನ್ನ ಕೆಲಸದೊಳಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲಿನಿಂದಲೂ ಕಾವಲು ಇತ್ತು. ಕೊಠಡಿ ಮೇಲ್ವಿಚಾರಕರು, ಸಿಟ್ಟಿಂಗ್ ಸ್ಕ್ವಾಡಿನವರು, ಜೀಪಿನಲ್ಲಿ ಧುಮುಕುವ ಫ್ಲೈಯಿಂಗ್ ಸ್ಕ್ವಾಡಿನವರು. ಆ ವರ್ಷ ಮಂಡಳಿ ವೆಬ್‌ಕಾಸ್ಟಿಂಗ್ ತಂದಿತು. ಪ್ರತಿ ಕೊಠಡಿಗೆ ಕ್ಯಾಮೆರಾ, ದೂರದ ಕಚೇರಿಗಳಲ್ಲಿ ಕೂತು ನೋಡುವವರು. ಫಲಿತಾಂಶ ಬಂದಾಗ ರಾಜ್ಯಕ್ಕೆ ರಾಜ್ಯವೇ ಬೆಚ್ಚಿತು. 2023ರಲ್ಲಿ ಶೇಕಡಾ 83.89 ಇದ್ದ ತೇರ್ಗಡೆ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ 62.34. ಕ್ಯಾಮೆರಾದ ಕಣ್ಣಿಗೆ ಏನೋ ಬಿದ್ದಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

2024ರಲ್ಲಿ ರಾಜ್ಯಕ್ಕೆ ಮೊದಲು ಬಂದದ್ದು ನಮ್ಮ ಉಡುಪಿ, ಶೇಕಡಾ 94. ದಕ್ಷಿಣ ಕನ್ನಡ ಎರಡನೆಯದು, 92.12. ಹಿಂದಿನ ವರ್ಷ ಮುಂದಿದ್ದ ಜಿಲ್ಲೆಗಳು ಬೇರೆ. ನಮ್ಮ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ನಮ್ಮ ಮಕ್ಕಳು ಪ್ರಾಮಾಣಿಕರೆಂದು ಯಂತ್ರವೇ ಸರ್ಟಿಫಿಕೇಟು ಕೊಟ್ಟಿತಲ್ಲ ಎಂಬ ಹೆಮ್ಮೆ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ಯಾದಗಿರಿ ಇತ್ತು, ಶೇಕಡಾ 50.59. ಸಿಹಿ ತಿನ್ನುತ್ತ ಆ ಸಂಖ್ಯೆಯನ್ನು ನೋಡುವುದು ಕಷ್ಟವಾಯಿತು. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಗಣಿತಕ್ಕೆ, ಇಂಗ್ಲಿಷಿಗೆ ಕಾಯಂ ಮೇಷ್ಟ್ರಿಲ್ಲ. ಮಕ್ಕಳು ಹತ್ತಿಯ ಕಾಲಕ್ಕೆ ಹೊಲದಲ್ಲಿ, ತಂದೆತಾಯಿ ಗುಳೆ ಹೋದರೆ ಅವರ ಹಿಂದೆ. ವರ್ಷದ ಮುನ್ನೂರು ದಿನ ಯಾರೂ ತಿರುಗಿ ನೋಡದ ಆ ಮಕ್ಕಳನ್ನು ಪರೀಕ್ಷೆಯ ಆರೇಳು ದಿನ ಮಾತ್ರ ಕಣ್ಣಿಟ್ಟು ನೋಡಿದರೆ ಅದು ಯಾವ ನ್ಯಾಯ? ಕ್ಯಾಮೆರಾ ತೋರಿಸಿತು. ಕಲಿಸುವುದು ಅದರ ಕೆಲಸ ಅಲ್ಲ. ತೋರಿಸಿದ್ದನ್ನು ನೋಡಿ ಮೇಷ್ಟ್ರನ್ನು ಕಳಿಸಬೇಕಾದವರು ಮನುಷ್ಯರು.

ಆ ಪರೀಕ್ಷೆಯಲ್ಲಿ ನಾನೂ ಒಂದು ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಕಿಯಾಗಿದ್ದೆ. ವಿಜ್ಞಾನದ ಪತ್ರಿಕೆಯ ದಿನ. ಆರಂಭವಾಗಿ ಒಂದು ಗಂಟೆಯಾಗಿರಬಹುದು, ಮೂರನೆಯ ಬೆಂಚಿನ ಹುಡುಗಿ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮುಖ ಬಿಳಿಚಿತ್ತು. ಎದ್ದು ನಿಲ್ಲಲು ನೋಡಿ ಮತ್ತೆ ಕೂತಳು. ಎರಡು ಹೆಣ್ಣುಮಕ್ಕಳನ್ನು ಬೆಳೆಸಿದವಳಿಗೆ ಅದು ಬಾಯಿಬಿಟ್ಟು ಹೇಳಿಯೇ ತಿಳಿಯಬೇಕೆಂದಿಲ್ಲ. ಅವಳ ಬಳಿಗೆ ಹೆಜ್ಜೆ ಇಡುವಾಗ ನನ್ನ ಕಣ್ಣು ತಾನಾಗಿ ಗೋಡೆಯ ಮೇಲಿನ ಕ್ಯಾಮೆರಾದ ಕಡೆ ಹೋಯಿತು. ಟೀಚರು ಒಬ್ಬಳ ಬಳಿ ಬಗ್ಗುತ್ತಾಳೆ, ಕಿವಿಯಲ್ಲಿ ಏನೋ ಹೇಳುತ್ತಾಳೆ. ಶಬ್ದ ಕೇಳದ ಪರದೆಯ ಮೇಲೆ ಅದು ಹೇಗೆ ಕಂಡೀತು? ಉತ್ತರ ಹೇಳಿಕೊಡುವಂತೆಯೇ ಕಾಣುತ್ತದೆ. ಇಪ್ಪತ್ತೆಂಟು ವರ್ಷದ ಕೆಲಸ ಒಂದು ಕ್ಷಣ ಕಣ್ಣೆದುರು ಬಂತು. ನಾನು ಕ್ಯಾಮೆರಾಕ್ಕೆ ಬೆನ್ನು ಹಾಕಿ, ಅವಳಿಗೂ ಅದಕ್ಕೂ ನಡುವೆ ನಿಂತೆ. “ಹೆದರಬೇಡ ಮಗಾ, ಬಟ್ಟೆಗೆ ಆಗಿದೆಯಾ?” ಎಂದೆ. ತಲೆಯಾಡಿಸಿದಳು. ಕಾರಿಡಾರಿನಲ್ಲಿದ್ದ ಇನ್ನೊಬ್ಬ ಟೀಚರನ್ನು ಕರೆದು, ನನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ ಕಳಿಸಿದೆ. ಹತ್ತು ನಿಮಿಷದಲ್ಲಿ ಮರಳಿ ಬಂದು ಬರೆದಳು. ನಾನು ಹೊತ್ತು ಸಮೇತ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಮುಖ್ಯ ಅಧೀಕ್ಷಕರಿಗೆ ಕೊಟ್ಟೆ. ಯಾರೂ ಏನೂ ಕೇಳಲಿಲ್ಲ.

ಕೇಳಲಿಲ್ಲ ಎಂಬುದು ಸಮಾಧಾನ. ಆದರೆ ಆ ಒಂದು ಕ್ಷಣ ನಾನು ಮೇಲೆ ನೋಡಿದೆನಲ್ಲ, ಅದನ್ನು ಬಹಳ ದಿನ ಯೋಚಿಸಿದ್ದೇನೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಎಂಬ ಪಂಡಿತ 1791ರಲ್ಲಿ ಒಂದು ಜೈಲಿನ ನಕ್ಷೆ ಪ್ರಕಟಿಸಿದ್ದ. ದುಂಡಗಿನ ಕಟ್ಟಡ, ಸುತ್ತಲೂ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದಲ್ಲಿರುವವನಿಗೆ ಕೈದಿಗಳೆಲ್ಲ ಕಾಣುತ್ತಾರೆ, ಅವನು ಮಾತ್ರ ಅವರಿಗೆ ಕಾಣುವುದಿಲ್ಲ. ಯಾವ ಹೊತ್ತಿಗೆ ನೋಡುತ್ತಾನೆಂದು ತಿಳಿಯದ ಕಾರಣ ಸದಾ ನೋಡುತ್ತಿದ್ದಾನೆಂದೇ ಭಾವಿಸಿ ಎಲ್ಲರೂ ತೆಪ್ಪಗಿರುತ್ತಾರೆ ಎಂಬುದು ಅವನ ಯುಕ್ತಿ. 2025ರ ಜುಲೈಯಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳ ತರಗತಿ, ಕಾರಿಡಾರುಗಳಲ್ಲೆಲ್ಲ ಶಬ್ದವನ್ನೂ ಹಿಡಿಯುವ ಕ್ಯಾಮೆರಾ ಇರಬೇಕು, 15 ದಿನದ ದಾಖಲೆ ಇರಬೇಕು ಎಂದು ನಿಯಮ ಮಾಡಿದೆ. ಮಕ್ಕಳ ರಕ್ಷಣೆಯ ಉದ್ದೇಶ ದೊಡ್ಡದು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ತಪ್ಪು ಉತ್ತರ ಹೇಳಲು ಧೈರ್ಯ ಬೇಕಾದ ಜಾಗ ತರಗತಿ. ಆ ಧೈರ್ಯ ಕುಗ್ಗದಂತೆ ನೋಡಿಕೊಳ್ಳುವುದು ಟೀಚರಿಗೆ ಬಂದ ಹೊಸ ಕೆಲಸ.

ಶಾಲೆಯಲ್ಲಿ ಹೀಗಾದರೆ ಮನೆಯಲ್ಲಿ? ನಮ್ಮ ಕಡೆಯ ಮನೆಗಳ ಕತೆ ನಿಮಗೆ ಗೊತ್ತೇ ಇದೆ. ಮಕ್ಕಳು ಮುಂಬಯಿಯಲ್ಲಿ, ದುಬೈಯಲ್ಲಿ. ದೊಡ್ಡ ತಾರಸಿ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ಕಾಪುವಿನಲ್ಲಿ ನನ್ನ ಅಮ್ಮನೂ ಹಾಗೆಯೇ. ತಮ್ಮ ಶಾರ್ಜಾದಲ್ಲಿದ್ದಾನೆ. 2019ರಲ್ಲಿ ರಜೆಯಲ್ಲಿ ಬಂದವನು ನಾಲ್ಕು ಕ್ಯಾಮೆರಾ ಹಾಕಿಸಿದ. ಗೇಟಿಗೊಂದು, ಹಿತ್ತಿಲ ಬಾಗಿಲಿಗೊಂದು, ಚಾವಡಿಗೊಂದು, ಅಡುಗೆಮನೆಗೊಂದು. ಅವನ ಪ್ರೀತಿಯಲ್ಲಿ ಕೊರತೆ ಇಲ್ಲ. ಆದರೆ ಒಂದು ವಾರದಲ್ಲಿ ಫೋನುಗಳು ಶುರುವಾದವು. “ಅಮ್ಮಾ, ಬೆಳಗಿನ ಮದ್ದು ತಗೊಳ್ಳಲಿಲ್ಲ.” “ಅಮ್ಮಾ, ಹನ್ನೊಂದು ಗಂಟೆಗೆ ಬಂದು ಕೂತದ್ದು ಯಾರು?” “ಕೆಲಸದವರು ಇವತ್ತು ಅರ್ಧ ಗಂಟೆ ಬೇಗ ಹೋದರಲ್ಲ?” ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸು ಹದಿನೆಂಟು ವರ್ಷದಿಂದ ಬರುವವಳು, ಅಮ್ಮನೊಂದಿಗೆ ಕೂತು ಚಾ ಕುಡಿಯುವವಳು. ಈಗ ಅವಳು ಲೋಟ ಹಿಡಿದು ಬಾವಿಕಟ್ಟೆಗೆ ಹೋಗಿ ಕುಡಿಯತೊಡಗಿದಳು. ಅಮ್ಮ ಮಧ್ಯಾಹ್ನ ಚಾವಡಿಯ ತಣ್ಣನೆಯ ನೆಲದ ಮೇಲೆ ಸೆರಗು ಹರಡಿ ಒರಗುವುದನ್ನು ಬಿಟ್ಟರು. ನಾನು ಹೋದಾಗ ಕ್ಯಾಮೆರಾದ ಮೇಲೆ ಒಂದು ಬೈರಾಸು ನೇತಾಡುತ್ತಿತ್ತು. “ಎಂತ ಅಮ್ಮ ಇದು?” ಎಂದೆ. ಅಮ್ಮ ಕೇಳಿದರು: “ಅವನು ನನ್ನನ್ನು ಕಾಯುವುದಾ, ನೋಡುವುದಾ? ನೀನು ಕಲಿತವಳು, ನೀನೇ ಹೇಳು.”

ನನ್ನ ಬಿಎ, ಬಿಎಡ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರದ ಅರ್ಧ ಭಾಗ ಆಷಾಢದ ಒಂದು ರಾತ್ರಿ ಬಂತು. ಮಳೆಯಲ್ಲಿ ಹಿತ್ತಿಲ ಬಾಗಿಲು ಬಡಿಯುತ್ತದೆಂದು ಮುಚ್ಚಲು ಹೋದ ಅಮ್ಮ ಪಾಚಿಗೆ ಜಾರಿ ಬಿದ್ದರು. ಏಳಲು ಆಗಲಿಲ್ಲ, ಕೂಗಿದರೆ ಮಳೆಯ ಸದ್ದಿನಲ್ಲಿ ಯಾರಿಗೂ ಕೇಳುವಂತಿಲ್ಲ. ಶಾರ್ಜಾದಲ್ಲಿ ಊಟ ಮುಗಿಸಿ ಮೊಬೈಲು ನೋಡಿದ ತಮ್ಮನಿಗೆ ಅಮ್ಮ ಬಿದ್ದದ್ದು ಕಂಡಿತು. ಪಕ್ಕದ ಮನೆಗೆ ಫೋನು ಮಾಡಿದ. ಅವರು ಕೊಡೆಯನ್ನೂ ಹಿಡಿಯದೆ ಓಡಿಬಂದರು. ಸೊಂಟದ ಮೂಳೆ ಉಳಿಯಿತು, ಅಮ್ಮ ಉಳಿದರು. ಕಡಲಾಚೆಯ ಮಗನಿಗೆ ಕಾಣಿಸಿದ್ದು ಯಂತ್ರ, ಎತ್ತಿ ಕೂರಿಸಿದ್ದು ನೆರೆಮನೆಯ ಕೈಗಳು. ಎರಡರಲ್ಲಿ ಒಂದು ಇಲ್ಲದಿದ್ದರೂ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಉಳಿದ ಅರ್ಧ ಉತ್ತರವನ್ನು ಅಮ್ಮನೇ ಮಾಡಿಕೊಂಡರು. ಕಾಲು ಸರಿಯಾದ ಮೇಲೆ ತಮ್ಮನಿಗೆ ಷರತ್ತು ಹಾಕಿದರು. ಗೇಟಿನದ್ದು, ಹಿತ್ತಿಲಿನದ್ದು ಇರಲಿ. ಚಾವಡಿಯದ್ದು, ಅಡುಗೆಮನೆಯದ್ದು ತೆಗೆಸು. ಕ್ಯಾಮೆರಾ ಎಲ್ಲೆಲ್ಲಿ ಉಂಟೆಂದು ಕೆಲಸದವಳಿಗೆ ನೀನೇ ಹೇಳು. ಮತ್ತೆ, “ನಿನಗೆ ನಾನು ಕಾಣುವ ಹಾಗೆ ನನಗೂ ನೀನು ಕಾಣಬೇಕು.” ಈಗ ದಿನಾ ಸಂಜೆ ಏಳು ಗಂಟೆಗೆ ವಿಡಿಯೊ ಕಾಲ್. ಅವನು ತೆಳ್ಳಗಾದದ್ದು, ಗಡ್ಡ ಬೋಳಿಸದ್ದು ಎಲ್ಲ ಅಮ್ಮನಿಗೂ ಕಾಣುತ್ತದೆ.

ಅಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದನ್ನೇ ದೊಡ್ಡವರು ದೊಡ್ಡ ಮಾತಿನಲ್ಲಿ ಹೇಳಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹೆಂಗಸೊಬ್ಬಳು ಮರೆಯಲ್ಲಿರುವಾಗ ಅವಳಿಗೆ ಗೊತ್ತಿಲ್ಲದಂತೆ ಇಣುಕುವುದು, ಚಿತ್ರ ತೆಗೆಯುವುದು 2013ರಿಂದಲೇ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೆಯ ಕಲಂ. ಈ ಸಂಖ್ಯೆಯನ್ನು ನಾನು ಹತ್ತನೆಯ ತರಗತಿಯ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆ. ಇನ್ನೊಂದು ತೀರ್ಪು ನನಗೆ ಇನ್ನೂ ಪ್ರಿಯ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪ್ರತಿ ಪೊಲೀಸ್ ಠಾಣೆಯ ಒಳಗೂ, ಲಾಕಪ್ಪಿನಲ್ಲೂ ಕ್ಯಾಮೆರಾ ಇರಲೇಬೇಕೆಂದು ಆದೇಶಿಸಿತು. ಮೇರಿ ಬ್ರೌನಳಿಗೆ ಪೇಟೆಂಟು ದೊರೆತದ್ದೂ ಡಿಸೆಂಬರ್ 2ರಂದೇ, 51 ವರ್ಷ ಹಿಂದೆ. ಕಾಯುವವರನ್ನೂ ಯಾರಾದರೂ ಕಾಯಬೇಕು ಎಂಬ ಮಾತಿಗೆ ಬಲ ಬಂದ ದಿನ ಅದು.

ಕಾನೂನು ಇದ್ದಮಾತ್ರಕ್ಕೆ ನಿಶ್ಚಿಂತೆ ಇಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದಿಂದ ಮಹಿಳೆಯರ ತಪಾಸಣೆಯ ಚಿತ್ರಗಳು ಕಳವಾಗಿ ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬಂದದ್ದು ಬಯಲಾಯಿತು. ಕದಿಯಲು ಯಾರೂ ಗೋಡೆ ಹಾರಬೇಕಾಗಿರಲಿಲ್ಲ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಮಾರುವ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ಬಂದಿದೆ. ಅದು ಒಳ್ಳೆಯದೇ. ಆದರೆ ಈಗಾಗಲೇ ನಮ್ಮ ಗೋಡೆಯ ಮೇಲಿರುವ ಕ್ಯಾಮೆರಾದ ಗುಪ್ತಪದವನ್ನು ಬದಲಿಸಬೇಕಾದವರು ನಾವೇ. ಹಾಕಲು ಬಂದ ಹುಡುಗ ಇಟ್ಟುಹೋದ ಪದವನ್ನೇ ವರ್ಷಗಟ್ಟಲೆ ಇಟ್ಟುಕೊಂಡರೆ ಅದು ಬೀಗದ ಜೊತೆ ಕೀಲಿಕೈಯನ್ನೂ ಬಾಗಿಲಿಗೆ ನೇತುಹಾಕಿದ ಹಾಗೆ.

ನಾವು ಹೆಂಗಸರು ಹೊಸ ಮಿಕ್ಸಿ ತಂದರೆ ಹತ್ತು ಪ್ರಶ್ನೆ ಕೇಳುತ್ತೇವೆ. ಎಷ್ಟು ವರ್ಷದ ಗ್ಯಾರಂಟಿ, ಜಾರು ಬೇರೆ ಸಿಗುತ್ತದಾ, ಕೆಟ್ಟರೆ ಯಾರು ಬರುತ್ತಾರೆ? ಕ್ಯಾಮೆರಾದ ಕೆಳಗೆ ನಿಂತಾಗ ಮಾತ್ರ ಬಾಯಿ ಕಟ್ಟುತ್ತದೆ. ಅದರ ಪರದೆ ಎಲ್ಲಿದೆ, ಅದರ ಮುಂದೆ ಕೂತವರು ಯಾರು, ಚಿತ್ರ ಎಷ್ಟು ದಿನ ಇರುತ್ತದೆ, ತೊಂದರೆಯಾದಾಗ ನಮಗೆ ಬೇಕೆಂದರೆ ಕೊಡುತ್ತಾರಾ? ಈ ನಾಲ್ಕು ಪ್ರಶ್ನೆಗಳನ್ನು ನಾನು ಈಚೆಗೆ ಬಟ್ಟೆ ಅಂಗಡಿಯಲ್ಲೂ ಕೇಳುತ್ತೇನೆ, ನಮ್ಮ ಶಾಲೆಯ ಸಭೆಯಲ್ಲೂ ಕೇಳಿದ್ದೇನೆ. ಮೊದಲ ಸಲ ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಎರಡನೆಯ ಸಲ ಇನ್ನಿಬ್ಬರು ಟೀಚರುಗಳು ನನ್ನ ಜೊತೆ ಕೇಳಿದರು. ಈ ವರ್ಷ ನಮ್ಮ ಕಾರಿಡಾರಿನ ಕ್ಯಾಮೆರಾದ ಕೆಳಗೆ ಒಂದು ಚೀಟಿ ಅಂಟಿಸಿದ್ದಾರೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು. ಹುಡುಗಿಯರು ಅದನ್ನು ಓದಿಕೊಂಡೇ ತರಗತಿಗೆ ಹೋಗುತ್ತಾರೆ.